ಹುದ್ದೆ ಎಣಿಸುವ ಮೊದಲು ಕೆಲಸ ಎಣಿಸಿ

ರಾಜ್ಯ ಆಡಳಿತ ಸುಧಾರಣಾ ಆಯೋಗದ ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರಿಗೆ,

ನಮ್ಮ ರಾಜ್ಯದಲ್ಲಿ ಮಂಜೂರಾದ ಹುದ್ದೆಗಳು ಏಳೂವರೆ ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ. ಇಷ್ಟು ಖಾಲಿಯಿದ್ದೂ ಸರ್ಕಾರ ನಡೆಯುತ್ತಿದೆಯಲ್ಲ, ಆ ಹುದ್ದೆಗಳನ್ನೇ ರದ್ದು ಮಾಡಿದರಾಯಿತು ಎನ್ನುವವರಿದ್ದಾರೆ. ಹೇಗೆ ನಡೆಯುತ್ತಿದೆ ಎಂಬುದನ್ನು ಹೋಬಳಿಗೆ ಇಳಿದು ನೋಡಿ ಎಂದು ಕೇಳಲು ಈ ಪತ್ರ.

ಗ್ರಾಮ ಆಡಳಿತಾಧಿಕಾರಿಯ ದಿನವನ್ನೇ ನೋಡಿ. ಬೆಳಿಗ್ಗೆ ಬೆಳೆಹಾನಿ ಸಮೀಕ್ಷೆ, ಮಧ್ಯಾಹ್ನ ಜಾತಿ-ಆದಾಯ ಪ್ರಮಾಣಪತ್ರಗಳ ವರದಿ, ನಡುವೆ ಪೌತಿ ಖಾತೆ, ಬಗರ್‌ಹುಕುಂ ಅರ್ಜಿ, ಪಹಣಿಗೆ ಆಧಾರ್ ಜೋಡಣೆ. ಜೊತೆಗೆ ಪಕ್ಕದ ವೃತ್ತದ ಪ್ರಭಾರ. 2024ರ ಸೆಪ್ಟೆಂಬರ್‌ನಲ್ಲಿ ಅವರು ಮುಷ್ಕರಕ್ಕೆ ಕೂತದ್ದು ಈ ಹೊರೆಗೇ. ಕೆಲಸಕ್ಕೊಂದು ಆ್ಯಪ್ ಬಂದಿತ್ತು, ಕೂರಲು ಸರಿಯಾದ ಕಚೇರಿ ಬಂದಿರಲಿಲ್ಲ. ಅದೇ ವರ್ಷ ಈ ಹುದ್ದೆಗೆ ಪರೀಕ್ಷೆ ನಡೆದಾಗ ಸಾವಿರ ಜಾಗಕ್ಕೆ ಐದು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ದುಡಿಯುವ ಕೈಗಳಿಗೆ ಬರವಿಲ್ಲ.

ಇನ್ನೊಂದು ಮಾತು. ಖಾಲಿ ಎಂದು ಪಟ್ಟಿಯಲ್ಲಿರುವ ಎಷ್ಟೋ ಜಾಗಗಳಲ್ಲಿ ಜನ ದುಡಿಯುತ್ತಿದ್ದಾರೆ: ಅತಿಥಿ ಶಿಕ್ಷಕರು, ಅತಿಥಿ ಉಪನ್ಯಾಸಕರು, ಹೊರಗುತ್ತಿಗೆಯ ನರ್ಸುಗಳು, ಡೇಟಾ ಎಂಟ್ರಿ ಆಪರೇಟರುಗಳು. ತಾತ್ಕಾಲಿಕ ನೌಕರರ ವಿಷಯ ಬಂದಾಗಲೆಲ್ಲ ಉಲ್ಲೇಖವಾಗುವ 2006ರ ಉಮಾದೇವಿ ತೀರ್ಪಿನ ಮೂಲದಲ್ಲಿರುವುದು ನಮ್ಮದೇ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಪ್ರಕರಣ. ನಿಯಮ ಮೀರಿ ಸೇರಿಸಿಕೊಂಡವರನ್ನು ಕಾಯಂ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಪರಿಗಣಿಸಿ, ಉಳಿದ ಖಾಲಿ ಹುದ್ದೆಗಳನ್ನು ನಿಯಮದಂತೆ ತುಂಬಿ ಎಂದೂ ಅದೇ ತೀರ್ಪು ಹೇಳಿತ್ತು. ಇಲಾಖೆಗಳು ಮೊದಲ ಮಾತನ್ನು ಹಿಡಿದುಕೊಂಡವು, ಎರಡನೆಯದನ್ನು ಮರೆತವು. ಇದು ಅನ್ಯಾಯ.

ಎಲ್ಲ ಹುದ್ದೆಯೂ ಉಳಿಯಲಿ ಎಂದು ನಾನು ಕೇಳುತ್ತಿಲ್ಲ. ಕಂಪ್ಯೂಟರ್ ಬಂದ ಮೇಲೆ ಬೆರಳಚ್ಚುಗಾರರ ಹುದ್ದೆಗಳನ್ನು ಹಾಗೇ ಇಟ್ಟುಕೊಳ್ಳಬೇಕಿಲ್ಲ. ಆದರೆ ಅಲ್ಲಿ ಉಳಿದ ಹಣ ನಾಡಕಚೇರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಎಷ್ಟು ಜನ ಬೇಕೆಂದು ತಿಳಿಯುವುದು ಕಷ್ಟವೇನಲ್ಲ. ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೊಬ್ಬರು ಶಿಕ್ಷಕರು ಎಂದು ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಅಳತೆ ಕೊಟ್ಟಿದೆ. ಕಂದಾಯ ಕಚೇರಿಗೂ ಅಂಥದ್ದೊಂದು ಕಟ್ಟಬಹುದು. ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡುವ ಸಕಾಲ ಯೋಜನೆ 2012ರಲ್ಲಿ ಶುರುವಾಯಿತು. ಹಾಗಾಗಿ ಯಾವ ಕಚೇರಿಗೆ ಎಷ್ಟು ಅರ್ಜಿ ಬಂತು, ಎಷ್ಟು ಗಡುವು ಮೀರಿತು ಎಂಬ ದಾಖಲೆ ಸರ್ಕಾರದ ಕೈಯಲ್ಲೇ ಇದೆ. ಅದನ್ನು ಹೋಬಳಿವಾರು ಪ್ರಕಟಿಸಿ. ಪಕ್ಕದಲ್ಲೇ ಮಂಜೂರಾದ ಹುದ್ದೆ, ತುಂಬಿದ ಹುದ್ದೆ, ಹೊರಗುತ್ತಿಗೆಯವರ ಸಂಖ್ಯೆ ಹಾಕಿ. ಒಂದು ಹುದ್ದೆಯನ್ನಾದರೂ ರದ್ದು ಮಾಡಿ ಎಂದು ಶಿಫಾರಸು ಬರೆಯುವ ಮೊದಲು ಈ ಪಟ್ಟಿ ನಮ್ಮೆಲ್ಲರ ಮುಂದಿರಲಿ.

ಇತಿ,
ಒಬ್ಬ ನಾಗರಿಕ