ಮೂರು ಕೂಗು ಮತ್ತು ಹಸಿ ವಾಸನೆ

ಹೊಸದಾಗಿ ಒಲೆಯ ಮುಂದೆ ನಿಂತವರೆಲ್ಲರ ದೂರು ಒಂದೇ: ಅಡುಗೆ ಪುಸ್ತಕ ಬರೆಯುವವರಿಗೆ ಅಳತೆಯೇ ಗೊತ್ತಿಲ್ಲ. ‘ರುಚಿಗೆ ತಕ್ಕಷ್ಟು ಉಪ್ಪು’ ಎನ್ನುತ್ತಾರೆ, ಯಾರ ರುಚಿಗೆ ಎನ್ನುವುದಿಲ್ಲ. ‘ಹಸಿ ವಾಸನೆ ಹೋಗುವವರೆಗೆ ಹುರಿಯಿರಿ’ ಎನ್ನುತ್ತಾರೆ. ಅದು ಹೇಳಿ ಹೋಗುತ್ತದೆಯೋ, ಹೇಳದೆ ಕೇಳದೆ ಹೋಗುತ್ತದೆಯೋ ತಿಳಿಸುವುದಿಲ್ಲ. ‘ನಿಂಬೆಗಾತ್ರದ ಹುಣಸೆಹಣ್ಣು’ ಎಂದು ಬರೆದವರು ಸಂತೆಯಲ್ಲಿ ಗೋಲಿಯಿಂದ ಚೆಂಡಿನವರೆಗಿನ ನಿಂಬೆಗಳನ್ನು ನೋಡಿಯೇ ಇಲ್ಲವೇನೋ. ಈ ಗೊಂದಲದ ನಡುವೆ ಹೊಸಬರಿಗೆ ಸಜ್ಜನನಂತೆ ಕಾಣುವ ವಾಕ್ಯ ಒಂದೇ ಒಂದು: ‘ಕುಕ್ಕರನ್ನು ಮೂರು ಸಲ ಕೂಗಿಸಿ.’ ಅಂಕಿ ಇದೆ, ಎಣಿಸಬಹುದು, ಎಣಿಸಲು ಅಡುಗೆ ಬರಬೇಕಾಗಿಲ್ಲ. ನನ್ನ ವಾದ ಇದಕ್ಕೆ ಪೂರ್ತಿ ತಿರುಗುಮುರುಗು. ಈ ಪಟ್ಟಿಯಲ್ಲಿ ಅತಿ ದೊಡ್ಡ ಸುಳ್ಳುಗಾರ ಆ ಮೂರು ಕೂಗು. ಅತಿ ನಂಬಿಕಸ್ಥ, ಆ ಹಸಿ ವಾಸನೆ.

ಕುಕ್ಕರ್ ಕೂಗುವುದು ಬೇಳೆ ಬೆಂದಿತೆಂಬ ಸಂತೋಷಕ್ಕಲ್ಲ. ಒಳಗಿನ ಒತ್ತಡ ಮಿತಿ ಮೀರಿದಾಗ ಮೇಲಿನ ಭಾರವನ್ನು ಎತ್ತಿ ಹೆಚ್ಚುವರಿ ಹಬೆ ಹೊರಬೀಳುತ್ತದೆ, ಅಷ್ಟೆ. ಒಳಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖವಿದೆ ಎಂಬುದಕ್ಕೆ ಅದು ಸಾಕ್ಷಿ; ಆ ಶಾಖದಲ್ಲಿ ಬೇಳೆ ಎಷ್ಟು ಹೊತ್ತು ಕೂತಿತ್ತು ಎಂಬುದಕ್ಕಲ್ಲ. ಉರಿ ಜೋರಾಗಿದ್ದರೆ ಮೂರು ಕೂಗು ಚುನಾವಣಾ ಪ್ರಚಾರದಂತೆ ಒಂದರ ಬೆನ್ನಿಗೆ ಒಂದು ಮುಗಿಯುತ್ತವೆ. ಉರಿ ತಗ್ಗಿಸಿದರೆ ಕೂಗೇ ಇಲ್ಲದೆ ಬೇಳೆ ಕರಗಿ ನೀರಾಗಬಹುದು. ಮೇಲೆ ಬೇಳೆ ಹಳೆಯದೋ ಹೊಸದೋ, ನೆನೆಸಿದ್ದೋ ನೆನೆಸದ್ದೋ, ಬೋರ್‌ವೆಲ್‌ನ ಗಡಸು ನೀರೋ ನಲ್ಲಿ ನೀರೋ, ಇವೆಲ್ಲ ಸೇರಿಕೊಳ್ಳುತ್ತವೆ. ಗಡಸು ನೀರಿನ ಸುಣ್ಣದಂಶ ಬೇಳೆ ಮೆತ್ತಗಾಗದಂತೆ ಹಟ ಹಿಡಿಯುತ್ತದೆ. ತೆರೆದ ಪಾತ್ರೆಯಲ್ಲಿ ‘ಇಷ್ಟು ನಿಮಿಷ ಕುದಿಸಿ’ ಎಂಬ ಮಾತಿಗೂ ಇದೇ ಗತಿ. ಮಂಗಳೂರಿನಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದರೆ, ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಆಸುಪಾಸಿನಲ್ಲೇ ಕುದಿಯಲು ತೊಡಗುತ್ತದೆ. ಗಡಿಯಾರ ಎರಡೂ ಊರಲ್ಲಿ ಒಂದೇ, ಬೇಳೆಯ ಪಾಲಿಗೆ ಊರು ಬೇರೆ. ‘ಎರಡು ಬೆರಳಲ್ಲಿ ಹಿಚುಕಿದರೆ ಮೆದುವಾಗಿ ಜಾರಬೇಕು’ ಎಂಬ ವಾಕ್ಯವಾದರೆ ಘಟ್ಟ ಹತ್ತಿದರೂ ಇಳಿದರೂ ಬದಲಾಗದು. ದೋಸೆ ಹಿಟ್ಟಿನದೂ ಅದೇ ಕತೆ. ‘ಎಂಟು ಗಂಟೆ ಬಿಡಿ’ ಎಂಬುದು ಮೇ ತಿಂಗಳ ಕರಾವಳಿಗೆ ಅತಿಯಾಯಿತು, ಡಿಸೆಂಬರಿನ ಬೆಂಗಳೂರಿಗೆ ಸಾಲದು. ಚಳಿದೇಶದ ಕನ್ನಡಿಗರಂತೂ ಹಿಟ್ಟಿನ ಪಾತ್ರೆಯನ್ನು ದೀಪ ಹಚ್ಚಿದ ಓವನ್ನಿನೊಳಗೆ ಬಾಣಂತಿಯಂತೆ ಬೆಚ್ಚಗಿಡುತ್ತಾರೆ. ‘ಉಬ್ಬಿ, ಹುಳಿ ವಾಸನೆ ಬರುವವರೆಗೆ’ ಎಂದರೆ ಎಲ್ಲರಿಗೂ ಸಾಕು.

ಅಂದರೆ ಈ ‘ಅಸ್ಪಷ್ಟ’ ಮಾತುಗಳು ಅಳತೆಯ ಅಭಾವವಲ್ಲ, ಅಳತೆಯ ಉಪಕರಣಗಳು. ಒಗ್ಗರಣೆಯ ಸಾಸಿವೆಯನ್ನೇ ನೋಡಿ. ಕಾಳಿನೊಳಗಿನ ತೇವ ಹಬೆಯಾಗಿ ಸಿಪ್ಪೆ ಒಡೆಯುವಷ್ಟು ಎಣ್ಣೆ ಕಾದರೆ ಮಾತ್ರ ಅದು ಚಟಪಟ ಎನ್ನುತ್ತದೆ. ಮೂರು ಕಾಸಿನ ಥರ್ಮಾಮೀಟರ್, ಕೆಲಸ ಮುಗಿದ ಮೇಲೆ ತಿನ್ನಲೂ ಬಹುದು. ಅದು ಸಿಡಿದ ಮೇಲೆ ಉದ್ದಿನಬೇಳೆ, ಬೇಳೆ ಕೆಂಪಾಗುವಾಗ ಮೆಣಸಿನಕಾಯಿ, ಕೊನೆಗೆ ಇಂಗು ಕರಿಬೇವು ಎಂಬ ಕ್ರಮ ಸಂಪ್ರದಾಯವೆಂದು ತೋರಿದರೂ ಅದು ಯಾವುದು ಬೇಗ ಸೀಯುತ್ತದೆ ಎಂಬ ಲೆಕ್ಕ. ಎಲ್ಲವನ್ನೂ ಒಟ್ಟಿಗೆ ಸುರಿದವರ ಮನೆಯಲ್ಲಿ ಸಾಸಿವೆ ಹಸಿ, ಇಂಗು ಇದ್ದಿಲು. ಪಾಕದ ಎಳೆಯೂ ಹೀಗೆಯೇ: ಹೆಬ್ಬೆರಳು ತೋರುಬೆರಳ ನಡುವೆ ಒಂದೆಳೆ ನಿಂತಿತೆಂದರೆ ಸಕ್ಕರೆ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಬೆರಳೇ ಓದಿ ಹೇಳಿತು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ಗಟ್ಟಿಯಾದವೇ. ಒಂದು: ಕೇಕ್ ಮಾಡುವವರು ಗ್ರಾಂ ಲೆಕ್ಕದಲ್ಲಿ ತೂಗುತ್ತಾರಲ್ಲ? ಬಾಸ್ಟನ್ನಿನ ಫ್ಯಾನಿ ಫಾರ್ಮರ್ 1896ರ ತಮ್ಮ ಪುಸ್ತಕದಲ್ಲಿ ಚಮಚದ ತಲೆ ಸವರಿ ಸಮತಟ್ಟು ಮಾಡಿ ಅಳೆಯಬೇಕೆಂದು ಹಟ ಹಿಡಿದರು, ಅದು ಸರಿಯೂ ಹೌದು. ಓವನ್ನಿನ ಬಾಗಿಲು ಮುಚ್ಚಿದ ಮೇಲೆ ಕೇಕಿಗೆ ಚೂರು ಉಪ್ಪು, ಚೂರು ನೀರು ಎಂದು ತಿದ್ದುಪಡಿ ತರುವಂತಿಲ್ಲ. ತಿದ್ದಲಾಗದ್ದನ್ನು ಮೊದಲೇ ತೂಗಬೇಕು. ಸಾರು ಹಾಗಲ್ಲ, ಬಡಿಸುವ ಕ್ಷಣದವರೆಗೂ ಅದು ಮಾತುಕತೆಗೆ ಸಿದ್ಧ. ಆದ್ದರಿಂದಲೇ ಉಪ್ಪಿಗೆ ‘ತಕ್ಕಷ್ಟು’. ಒಂದು ಚಮಚ ಹರಳುಪ್ಪು, ಒಂದು ಚಮಚ ಪುಡಿಯುಪ್ಪು ಒಂದೇ ತೂಕವಲ್ಲವಾದ್ದರಿಂದ ಅಲ್ಲಿ ಚಮಚ ನಂಬಿದವನೇ ಕೆಟ್ಟ.

ಎರಡನೆಯದು ಇನ್ನೂ ಖಾರ: ಹಸಿ ವಾಸನೆ ಹೋದದ್ದು ಗೊತ್ತಾಗಬೇಕಾದರೆ ಮೊದಲೇ ಅಡುಗೆ ಬರಬೇಕು, ಬಂದವರಿಗೆ ಪುಸ್ತಕವೇಕೆ? ಅರ್ಧ ಒಪ್ಪುತ್ತೇನೆ. ಆದರೆ ಮೂಗು ಎಲ್ಲರಿಗೂ ಇದೆ. ಕಡಲೆಹಿಟ್ಟನ್ನು ಬಾಣಲೆಗೆ ಹಾಕುವ ಮುನ್ನ ಒಮ್ಮೆ ಮೂಸಿದರೆ ಏನು ಹೋಗಬೇಕೆಂಬುದು ಆಗಲೇ ತಿಳಿಯಿತು. ಉಳಿದರ್ಧ ತಪ್ಪು ಬರೆಯುವವರದ್ದೇ, ಅದಕ್ಕೆ ಕ್ಷಮೆ ಇಲ್ಲ. ಪರೀಕ್ಷೆಯೇ ಇಲ್ಲದ ಪದಗಳನ್ನೂ ಇವರು ಪರೀಕ್ಷೆಯುಳ್ಳ ಪದಗಳ ಸಾಲಿನಲ್ಲಿ ಕೂರಿಸುತ್ತಾರೆ. ‘ಸ್ವಲ್ಪ ನೀರು’, ‘ಸ್ವಲ್ಪ ಹೊತ್ತು’, ‘ಹದವಾಗಿ’. ಈ ‘ಸ್ವಲ್ಪ’ಕ್ಕೆ ವಾಸನೆ ಇಲ್ಲ, ಸದ್ದಿಲ್ಲ, ಬಣ್ಣವಿಲ್ಲ. ಈರುಳ್ಳಿ ‘ಐದು ನಿಮಿಷದಲ್ಲಿ’ ಕಂದುಬಣ್ಣಕ್ಕೆ ತಿರುಗುತ್ತದೆಂದು ಬರೆದವರಂತೂ ಈರುಳ್ಳಿಯನ್ನು ಕೇಳಿ ಬರೆದವರಲ್ಲ. ಉಪ್ಪಿಟ್ಟಿಗೆ ‘ಉಪ್ಪು ಹಾಕಿ’ ಎನ್ನುತ್ತಾರೆ. ರವೆ ಬೀಳುವ ಮುನ್ನ ಎಸರು ಒಂದು ತೂಕ ಹೆಚ್ಚೇ ಉಪ್ಪೆನಿಸಬೇಕು ಎಂಬ ಅರ್ಧ ಸಾಲನ್ನು ನುಂಗುತ್ತಾರೆ. ರಾಗಿಮುದ್ದೆಗೆ ನಮ್ಮಲ್ಲಿ ಪಕ್ಕಾ ಪರೀಕ್ಷೆಯಿದೆ: ಒದ್ದೆ ಬೆರಳಿಂದ ಮುಟ್ಟಿದರೆ ಅಂಟಬಾರದು. ಬರೆಯುವವರು ‘ಒದ್ದೆ’ ಎಂಬ ಎರಡಕ್ಷರ ಬಿಟ್ಟರೆ ಸಾಕು, ಮುದ್ದೆ ಬೆಂದಿತೋ ಇಲ್ಲವೋ ತಿಳಿಯುವುದಿಲ್ಲ. ಬೆರಳು ಬೆಂದದ್ದು ತಿಳಿಯುತ್ತದೆ.