ನೆಟ್ಟಗಿಲ್ಲದ ನೆಟ್

(ಚೆನ್ನೈನ ಪ್ಯಾರೀಸ್ ಕಾರ್ನರ್, ಬರ್ಮಾ ಬಜಾರ್. ಅಂಗಡಿಯವನು ತಾಳವಾಡಿ ಕಡೆಯ ಕನ್ನಡಿಗ.)

ರಾಯರು: ಏನಪ್ಪಾ, ನಮ್ಮನೆ ನೆಟ್ ನೆಟ್ಟಗಿಲ್ಲ. ಒಳ್ಳೇ ರೂಟರ್ ಕೊಡು.

ಅಂಗಡಿಯವ: ನಾಲ್ಕು ಕೊಂಬಿಂದೋ, ಎಂಟು ಕೊಂಬಿಂದೋ ಸಾರ್?

ರಾಯರು: ಎಂಟಾದ್ರೆ ಏನು ಜಾಸ್ತಿ?

ಅಂಗಡಿಯವ: ಬೆಲೆ.

ರಾಯರು: 5 ಗಿಗಾಹರ್ಟ್ಸ್ ಅಂದ್ರೆ 2.4ಕ್ಕಿಂತ ಎರಡು ಪಟ್ಟು ದೂರ ಹೋಗುತ್ತಲ್ವಾ?

ಅಂಗಡಿಯವ: 5 ಓಡುತ್ತೆ, ಗೋಡೆ ಕಂಡ್ರೆ ಸುಸ್ತು. 2.4 ನಿಧಾನ, ಗೋಡೆ ದಾಟುತ್ತೆ. ಹಳೇದು ಎಲ್ಲಿಟ್ಟಿದ್ರಿ?

ರಾಯರು: ಉಕ್ಕಿನ ಬೀರುವಿನಲ್ಲಿ, ಬೀಗ ಹಾಕಿ. ಪಕ್ಕದ್ಮನೆಯವರು ನೆಟ್ ಕದ್ದುಬಿಟ್ರೆ?

ಅಂಗಡಿಯವ: ಪಾಸ್‌ವರ್ಡ್ ಇಲ್ವಾ?

ರಾಯರು: ಇದೆಯಲ್ಲ! ಮರೀಬಾರ್ದು ಅಂತ ಬೀದಿಬಾಗಿಲ ಮೇಲೇ ಬರೆದಿದ್ದೀವಿ.

ಅಂಗಡಿಯವ: ಸಾರ್, ಅಗೋ ಹೈಕೋರ್ಟ್ ಗುಮ್ಮಟ. 1894ರಿಂದ 1977ರವರೆಗೆ ಅದರ ತುದಿಯಲ್ಲಿ ಲೈಟ್‌ಹೌಸ್ ಇತ್ತು. ನಡುಸಮುದ್ರದ ಹಡಗಿಗೂ ಕಾಣ್ತಿತ್ತು.

ರಾಯರು: ಅಬ್ಬಾ! ಅದಕ್ಕೆಷ್ಟು ಕೊಂಬು?

ಅಂಗಡಿಯವ: ಒಂದೂ ಇಲ್ಲ. ಬೀರುವಿನಲ್ಲಿ ಇಟ್ಟಿರಲಿಲ್ಲ, ಅಷ್ಟೇ.

ರಾಯರು: ಈಗ ಅರ್ಥವಾಯ್ತು ಬಿಡಪ್ಪಾ. ಎಂಟು ಕೊಂಬಿಂದೇ ಕಟ್ಟು.

ಅಂಗಡಿಯವ: ಮತ್ತೆ ಬೀರು?

ರಾಯರು: ಹಳೇದರಲ್ಲಿ ಇಷ್ಟು ಕೊಂಬು ಹಿಡಿಸಲ್ಲ. ದೊಡ್ಡದು ಎಲ್ಲಿ ಸಿಗುತ್ತೆ, ಹೇಳು!