ದಂತವೈದ್ಯರ ಪ್ರಥಮ ದರ್ಶನ

ಹೊಸ ದಂತವೈದ್ಯರ ಬಳಿಗೆ ಮೊದಲ ಸಲ ಹೋಗುವಾತನು ಬಾಯಿಯನ್ನು ತೆರೆದರೆ ಸಾಲದು, ತನ್ನ ಜಾತಕವನ್ನೇ ತೆರೆಯಬೇಕಾಗುತ್ತದೆ. ಸಕ್ಕರೆ ಕಾಯಿಲೆಯುಂಟೇ, ರಕ್ತದೊತ್ತಡವುಂಟೇ, ರಕ್ತವನ್ನು ತೆಳುವಾಗಿಸುವ ಮಾತ್ರೆಗಳನ್ನೇನಾದರೂ ಸೇವಿಸುತ್ತಿರುವಿರಾ, ಯಾವ ಔಷಧಿ ಮೈಗೆ ಒಗ್ಗದು ಎಂದು ಮುಂತಾಗಿ ವಿಚಾರಿಸುವ ಆ ಪತ್ರವನ್ನು ತುಂಬುತ್ತ ಕುಳಿತಾಗ, ದವಡೆ ಹಿಡಿದುಕೊಂಡು ಬಂದಿದ್ದ ನನಗೆ ಭಾವೀ ಮಾವನ ಮುಂದೆ ಕುಳಿತ ವರನ ಸಂಕೋಚವೇ ಉಂಟಾಯಿತು. ಇನ್ನು ಆ ಕುರ್ಚಿಯಾದರೋ, ಕುಳಿತವನನ್ನು ಕ್ರಮೇಣ ಶಯನಾವಸ್ಥೆಗೆ ಇಳಿಸಿ, ಮುಖದ ಮೇಲೆ ದೀಪವನ್ನು ಬೆಳಗಿಸಿ, ಅವನ ಸಮಸ್ತ ಅಹಂಕಾರವನ್ನೂ ಪರಿಹರಿಸತಕ್ಕಂಥದು.

ವೈದ್ಯರು ಕಿರುಗನ್ನಡಿಯನ್ನೂ ಮೊನಚಾದ ಕೊಕ್ಕೆಯನ್ನೂ ಬಾಯೊಳಗಿಳಿಸಿ, ‘36, 46’ ಎಂದು ಸಹಾಯಕಿಗೆ ಬರೆಯಿಸತೊಡಗಲು, ಮನುಷ್ಯಮಾತ್ರದವನಿಗಿರುವುದು 32 ಹಲ್ಲಷ್ಟೆ, ಈ ಅಧಿಕ ದಂತಗಳು ನನಗೆಲ್ಲಿಂದ ಪ್ರಾಪ್ತವಾದವೆಂದು ಗಾಬರಿಗೊಂಡೆ. ಬಾಯಿಯನ್ನು ನಾಲ್ಕು ಭಾಗವಾಗಿ ಎಣಿಸಿ, ಮೊದಲ ಅಂಕಿಯನ್ನು ಭಾಗಕ್ಕೂ ಎರಡನೆಯದನ್ನು ಹಲ್ಲಿನ ಸ್ಥಾನಕ್ಕೂ ಕೊಡುವ ಪದ್ಧತಿಯಿದೆಂದು ಅವರು ವಿವರಿಸಿದ ಮೇಲೆಯೇ ಹೋದ ಜೀವ ಬಂದಿತು. ಬಾಯಿ ತುಂಬ ಉಪಕರಣಗಳಿರುವಾಗಲೇ, ‘ಮಕ್ಕಳೆಷ್ಟು ಮಂದಿ? ಏನು ಓದುತ್ತಿದ್ದಾರೆ?’ ಎಂದು ಕುಶಲಪ್ರಶ್ನೆ ಮಾಡುವುದು ಈ ವೃತ್ತಿಯವರ ವಿಶೇಷ ಸೌಜನ್ಯ. ನನ್ನ ‘ಆಂ, ಊಂ’ಕಾರಗಳನ್ನೆಲ್ಲ ಗ್ರಹಿಸಿ ಅವರು ತಲೆದೂಗಿದ್ದು ಮಾತ್ರ ಅಸಾಧಾರಣ ಪಾಂಡಿತ್ಯವೇ ಸರಿ.

ಕಡೆಗೆ ಎಕ್ಸ್‌ರೇ ತೆಗೆದು, ಒಂದು ಹುಳುಕನ್ನು ತೋರಿಸಿ, ಮುಂದಿನ ವಾರ ತುಂಬೋಣವೆಂದರು. ಕೀಳುವ ಮಾತೇ ಬರಲಿಲ್ಲ. ವಾಚಕ ಮಹಾಶಯರೇ, ಹೋಗುವಾಗ ಹಳೆಯ ಔಷಧಿ ಚೀಟಿಗಳನ್ನು ತಪ್ಪದೆ ಒಯ್ಯಿರಿ. ಮಕ್ಕಳ ವಿದ್ಯಾಭ್ಯಾಸದ ವಿಚಾರವನ್ನು ಕುರ್ಚಿಯೇರುವುದಕ್ಕೆ ಮುಂಚೆಯೇ ಹೇಳಿ ಮುಗಿಸಿರಿ.